ಸಿರುಗುಪ್ಪದ ಪ್ರಶ್ನೆ, ಸಾಗರದಾಚೆಯ ತರಗತಿ

ಕನ್ನಡ ನಾಡಿನಲ್ಲಿ ಪತ್ರಿಕೋದ್ಯಮವು ವಿಶ್ವವಿದ್ಯಾಲಯದ ಪಾಠವಾದುದರ ಹಿಂದೆ ಒಂದು ವಿದೇಶ ವ್ಯಾಸಂಗದ ಕಥೆಯಿದೆ. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಆರಂಭವಾದ ಪತ್ರಿಕೋದ್ಯಮ ವಿಭಾಗವನ್ನು ಕಟ್ಟಿ ಬೆಳೆಸಿದ ನಾಡಿಗ ಕೃಷ್ಣಮೂರ್ತಿ ಅವರು ಈ ವಿದ್ಯೆಯನ್ನು ಕಲಿತು ಬಂದದ್ದು ಅಮೆರಿಕದ ಮಿಸೌರಿಯಲ್ಲಿ. 1966ರಲ್ಲಿ ಪ್ರಕಟವಾದ ಅವರ ಪ್ರಮುಖ ಇಂಗ್ಲಿಷ್ ಗ್ರಂಥದ ವಸ್ತು ಮಾತ್ರ ಭಾರತದ ಪತ್ರಿಕೋದ್ಯಮ, ಅದೂ ಅಶೋಕನಿಂದ ನೆಹರೂವರೆಗೆ. ವಿದ್ಯೆ ಹೊರಗಿನದು, ಪ್ರಶ್ನೆ ಇಲ್ಲಿನದು. ಅಶೋಕನ ಹೆಸರನ್ನೇ ಹೊತ್ತಿರುವ ಬೆರಳೆಣಿಕೆಯ ಶಾಸನಗಳಲ್ಲಿ ಎರಡು, ನಿಟ್ಟೂರು ಮತ್ತು ಉದೇಗೋಳದವು, ಸಿರುಗುಪ್ಪ ತಾಲ್ಲೂಕಿನಲ್ಲೇ ಇವೆ ಎಂಬುದನ್ನು ಇಲ್ಲಿ ನೆನೆಯಬಹುದು. ಜನರನ್ನುದ್ದೇಶಿಸಿ ಬರೆಸಿದ ಸಂದೇಶದ ಅಷ್ಟು ಹಳೆಯ ಸಾಕ್ಷ್ಯ ಊರ ಬಂಡೆಯ ಮೇಲೆಯೇ ಇದ್ದರೂ, ಅದೇ ತಾಲ್ಲೂಕಿನ ಸಂವಹನ ವಿದ್ಯಾರ್ಥಿಯೊಬ್ಬಳು ಇಂದು ವಿದೇಶದಲ್ಲಿ ಓದುವ ಯೋಜನೆ ಹಾಕಿದರೆ ಅವಳಿಗೆ ಮೊದಲು ಸಿಗುವ ಸಲಹೆ ‘ಇದನ್ನೆಲ್ಲ ಬಿಡು, ಮಾರುಕಟ್ಟೆಯಿರುವ ಕೋರ್ಸು ಹಿಡಿ’ ಎಂಬುದೇ.

ಎಂಜಿನಿಯರಿಂಗ್ ಓದಿದವರಿಗೆ ಹೊರದೇಶದ ದಾರಿ ಸವೆದ ದಾರಿ. ಪರೀಕ್ಷೆ, ಸಾಲ, ಉದ್ಯೋಗ ಎಂಬ ಸರಪಳಿ ಅವರಿಗೆ ಗೊತ್ತು; ಮುಂದೆ ಹೋದ ಅಣ್ಣಂದಿರೂ ಇದ್ದಾರೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 2010ರಲ್ಲಿ. ಅದರ ಪತ್ರಿಕೋದ್ಯಮ ವಿಭಾಗಕ್ಕೆ ಬರುವ ಮಕ್ಕಳಲ್ಲಿ ಸಿರುಗುಪ್ಪ, ಕುರುಗೋಡಿನಂಥ ಊರುಗಳ ಕಾಲೇಜುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರೂ ಇರುತ್ತಾರೆ. ಅವರ ಯೋಜನೆಯು ದೇಶದ ಆಯ್ಕೆಯಿಂದಲ್ಲ, ಪದವಿಯ ವರ್ಷಗಳ ಲೆಕ್ಕದಿಂದ ಶುರುವಾಗಬೇಕು.

ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ಹದಿನಾರು ವರ್ಷಗಳ ಒಟ್ಟು ಶಿಕ್ಷಣವನ್ನು ಕೇಳುತ್ತವೆ. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಈ ನಿರ್ಧಾರದ ಸರಿತಪ್ಪುಗಳ ಚರ್ಚೆ ಬೇರೆ. ಆದರೆ ಮೂರು ವರ್ಷದ ಪದವೀಧರರಿಗೆ ಬ್ರಿಟನ್ನಿನ ಬಾಗಿಲು ಸುಲಭವಾಗಿ ತೆರೆದರೂ ಅಮೆರಿಕದ ಎಷ್ಟೋ ಬಾಗಿಲುಗಳು ತೆರೆಯುವುದಿಲ್ಲ ಎಂಬುದನ್ನು ಪ್ರಥಮ ದರ್ಜೆ ಕಾಲೇಜುಗಳಲ್ಲಿ ಯಾರಾದರೂ ಹೇಳಬೇಕಲ್ಲವೇ? ಬಳ್ಳಾರಿಯಲ್ಲೇ ಎರಡು ವರ್ಷದ ಎಂ.ಎ. ಮುಗಿಸಿ ಹೊರಡುವುದು ಈ ತೊಡಕಿಗೆ ಅತ್ಯಂತ ಅಗ್ಗದ ಪರಿಹಾರ. ತಡವಾಯಿತೆಂದು ಕೊರಗಬೇಕಿಲ್ಲ, ಈ ಕ್ಷೇತ್ರದಲ್ಲಿ ವಯಸ್ಸಿಗಿಂತ ಅನುಭವಕ್ಕೆ ಬೆಲೆ ಹೆಚ್ಚು.

ಇನ್ನು ಹಣ. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಶುಲ್ಕದ ಬಾಕಿ ಮತ್ತು ಒಂಬತ್ತು ತಿಂಗಳವರೆಗಿನ ಜೀವನವೆಚ್ಚದಷ್ಟು ಮೊತ್ತ ಸತತ 28 ದಿನ ಬ್ಯಾಂಕ್ ಖಾತೆಯಲ್ಲಿ ಇದ್ದುದನ್ನು ತೋರಿಸಬೇಕು. ತಿಂಗಳ ಸಂಬಳದವರಿಗೆ ಇದು ಒಂದು ಕಾಗದದ ವಿಷಯ. ತುಂಗಭದ್ರಾ ಕಾಲುವೆಯ ನೀರನ್ನೇ ನಂಬಿ ಭತ್ತ ಬೆಳೆಯುವ ಸಿರುಗುಪ್ಪದ ಮನೆಯಲ್ಲಿ ಹಣವು ಖಾತೆಯಲ್ಲಿ 28 ದಿನ ಸುಮ್ಮನೆ ಕೂರುವುದಿಲ್ಲ. ಭತ್ತ ಮಾರಿದ ದುಡ್ಡು ಗೊಬ್ಬರದಂಗಡಿಯ ಬಾಕಿಗೆ, ಮುಂದಿನ ನಾಟಿಯ ಕೂಲಿಗೆ ಹರಿದುಹೋಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಈ ಭಾಗದ ರೈತರು ಎರಡನೆಯ ಬೆಳೆಯ ಚಿಂತೆಯಲ್ಲಿ ನಿದ್ದೆಗೆಟ್ಟರು. ಅಂಥ ಮನೆಗಳಲ್ಲಿ ಮಗಳ ಓದಿನ ಯೋಜನೆಯೂ ಅಣೆಕಟ್ಟೆಯ ನೀರಿನ ಮಟ್ಟದೊಂದಿಗೆ ಏರಿಳಿಯುತ್ತದೆ.

ಬ್ಯಾಂಕುಗಳು ಸಾಮಾನ್ಯವಾಗಿ ಏಳೂವರೆ ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಅಡಮಾನ ಕೇಳುವುದಿಲ್ಲ. ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರ ಪದವಿಯ ಬೋಧನಾ ಶುಲ್ಕಕ್ಕೇ ಆ ಮೊತ್ತ ಸಾಲದು. ಮೇಲಿನದಕ್ಕೆ ಹೊಲದ ಪಹಣಿ ಬೇಕು. 2024ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಸಂಸ್ಥೆಗಳಿಗೆ ಮಾತ್ರ. ಎಂಜಿನಿಯರನು ಡಾಲರಿನಲ್ಲಿ ತೀರಿಸುವ ಸಾಲವನ್ನು ಮರಳಿ ಬಂದ ಪತ್ರಕರ್ತೆ ಕನ್ನಡ ಪತ್ರಿಕೆಯ ಸಂಬಳದಲ್ಲಿ ತೀರಿಸಲಾರಳು. ಆದ್ದರಿಂದ ಸಂವಹನ ವಿದ್ಯಾರ್ಥಿಯು ವಿದ್ಯಾರ್ಥಿವೇತನವಿಲ್ಲದೆ ಹೊರಡಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಹೊಲ ಅಡವಿಟ್ಟು ಹೋಗುವಷ್ಟು ದೊಡ್ಡದಲ್ಲ ಯಾವ ವಿದೇಶಿ ಪದವಿಯೂ.

ವಿದ್ಯಾರ್ಥಿವೇತನಗಳು ಇಲ್ಲವೆಂದಲ್ಲ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ಜಾತಿ, ಪಂಗಡದವರಿಗಾಗಿ ರೂಪುಗೊಂಡದ್ದು. ಹಿಂದುಳಿದ ವರ್ಗದವರಿಗೂ ಅಲ್ಪಸಂಖ್ಯಾತರಿಗೂ ಪ್ರತ್ಯೇಕ ನೆರವುಗಳಿವೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಮೀಸಲು. ಇಡೀ ದೇಶಕ್ಕೆ ಅದರಲ್ಲಿರುವುದು 125 ಸ್ಥಾನಗಳು. ಆದರೆ 2022ರ ಫೆಬ್ರುವರಿಯಲ್ಲಿ ಇದರ ಮಾರ್ಗಸೂಚಿಗೆ ಒಂದು ಷರತ್ತು ಸೇರಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಕುರಿತ ಸಾಮಾಜಿಕ ಅಧ್ಯಯನ ಇವುಗಳ ವಿಷಯಗಳಿಗೆ ಈ ಹಣ ಸಿಗದು ಎಂಬುದೇ ಆ ಷರತ್ತು. ಈ ಅಧ್ಯಯನಕ್ಕೆ ಬೇಕಾದ ಪರಿಣತಿ ದೇಶದಲ್ಲೇ ಇದೆ ಎಂಬ ಸಮರ್ಥನೆಯೂ ಬಂತು. ಭೂರಹಿತ ಕೂಲಿಯ ಮಗಳೊಬ್ಬಳು ಬಳ್ಳಾರಿಯ ಗಣಿ ಹಗರಣವನ್ನು ಕನ್ನಡ, ತೆಲುಗು ಮಾಧ್ಯಮಗಳು ವರದಿ ಮಾಡಿದ ಬಗೆಯನ್ನು ಹೊರದೇಶದಲ್ಲಿ ಅಧ್ಯಯನ ಮಾಡಬಯಸಿದರೆ ಸರ್ಕಾರ ಕೊಡದು. ಅವಳೇ ವಿದೇಶಿ ಜಾಹೀರಾತುಗಳ ಪ್ರಭಾವವನ್ನು ಓದಹೊರಟರೆ ಅಡ್ಡಿಯಿಲ್ಲ! ಸ್ವಂತ ಹಣವಿರುವವರಿಗೆ ಈ ನಿರ್ಬಂಧ ತಗಲುವುದೇ ಇಲ್ಲ. ನಾಡಿಗರು ಮಾಡಿದ ಕೆಲಸವನ್ನು ಬಡವರ ಮಕ್ಕಳು ಮಾಡದಂತೆ ತಡೆಯುವ ಇಂಥ ಷರತ್ತಿನ ವಿರುದ್ಧ ನಮ್ಮ ವಿಶ್ವವಿದ್ಯಾಲಯಗಳು ದನಿಯೆತ್ತಬೇಕಿತ್ತು.

ಏಕೆಂದರೆ ಈ ಮಕ್ಕಳ ನಿಜವಾದ ಬಂಡವಾಳವೇ ಅವರ ಊರು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಸಲ್ಲಿಕೆಯಾದದ್ದು, ಅದೇ ತಿಂಗಳು ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿದ್ದು, ಬಳ್ಳಾರಿ ನಗರದ ಜೀನ್ಸ್ ಘಟಕಗಳು, ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಬೆರೆಯುವ ಮಾತು, ಕುರುಗೋಡಿನ ದೊಡ್ಡಬಸವೇಶ್ವರನ ಸನ್ನಿಧಿಗೆ ನಡೆದುಬರುವ ಜನ ಇವೆಲ್ಲ ಹೊರಗಿನವರು ವರ್ಷಗಟ್ಟಲೆ ದುಡಿದರೂ ದಕ್ಕದ ಅರಿವು. ಪ್ರವೇಶಪತ್ರದ ಜೊತೆ ಕಳಿಸುವ ಉದ್ದೇಶ ನಿರೂಪಣೆಯಲ್ಲಿ ‘ಬಾಲ್ಯದಿಂದಲೇ ಮಾಧ್ಯಮದಲ್ಲಿ ಆಸಕ್ತಿ’ ಎಂದು ಬರೆಯುವವರು ಸಾವಿರ. ಗಣಿ ಲಾರಿಗಳು ನಿಂತ ಮೇಲೆ ಒಂದು ಹಳ್ಳಿಯಲ್ಲಿ ಏನಾಯಿತೆಂದು ಬರೆಯಬಲ್ಲವರು ಕೆಲವರೇ.

ಇದಕ್ಕೆ ಪುರಾವೆ ಬೇಕು, ತೊಡಕಿರುವುದೂ ಅಲ್ಲಿಯೇ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷಗಳ ಕೆಲಸದ ಅನುಭವ ಬೇಕು; ಸಂಬಳವಿಲ್ಲದ ತರಬೇತಿಯೂ ಸ್ವಯಂಸೇವೆಯೂ ಲೆಕ್ಕಕ್ಕೆ ಬರುತ್ತವೆ. ತಾಲ್ಲೂಕು ಮಟ್ಟದಲ್ಲಿ ಅರೆಕಾಲಿಕವಾಗಿ ಸುದ್ದಿ ಬರೆಯುವ ಹುಡುಗ ಹುಡುಗಿಯರಲ್ಲಿ ಅನೇಕರ ಬಳಿ ನೇಮಕಪತ್ರವಿಲ್ಲ, ಬರೆದದ್ದರ ಮೇಲೆ ಹೆಸರಿಲ್ಲ. ಮೊದಲ ದಿನದಿಂದಲೇ ಒಂದು ಪತ್ರ ಕೇಳಿ ಪಡೆಯಬೇಕು, ಪ್ರಕಟವಾದುದನ್ನು ದಿನಾಂಕಸಹಿತ ಕತ್ತರಿಸಿಡಬೇಕು, ಆಯ್ದ ನಾಲ್ಕೈದನ್ನು ತಾವೇ ಇಂಗ್ಲಿಷಿಗೆ ತರಬೇಕು. ಈ ಕೊನೆಯ ಕೆಲಸದಿಂದ ಇನ್ನೊಂದು ಲಾಭವೂ ಉಂಟು. ಪತ್ರಿಕೋದ್ಯಮದ ಕೋರ್ಸುಗಳು ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಹಲವೆಡೆ 7 ಅಥವಾ ಅದಕ್ಕಿಂತ ಹೆಚ್ಚಿನ ಅಂಕ ಕೇಳುತ್ತವೆ. ಕನ್ನಡ ಮಾಧ್ಯಮದವರಿಗೆ ಅದಕ್ಕೆ ತಿಂಗಳುಗಳಲ್ಲ, ವರ್ಷಗಳ ಅಭ್ಯಾಸ ಬೇಕು. ಫಲಿತಾಂಶದ ಮಾನ್ಯತೆ ಎರಡೇ ವರ್ಷ, ಆದ್ದರಿಂದ ಅವಸರದಿಂದ ಪರೀಕ್ಷೆ ಬರೆಯುವುದೂ ತರವಲ್ಲ.

ಬ್ರಿಟನ್, ಅಮೆರಿಕಗಳೇ ವಿದೇಶವಲ್ಲ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯ ಮುನ್ನಡೆಸುವ ಎರಾಸ್ಮಸ್ ಮುಂಡಸ್ ಪತ್ರಿಕೋದ್ಯಮ ಪದವಿ ಎರಡು ವರ್ಷಗಳದ್ದು, ಎರಡನೆಯ ವರ್ಷ ಮತ್ತೊಂದು ದೇಶದಲ್ಲಿ. ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ದೊರೆತರೆ ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೊ ಕೈಗೆ ಬರುತ್ತದೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದಂತೆ ವರ್ಷದ ವೆಚ್ಚಕ್ಕೆ 11,904 ಯೂರೊಗಳನ್ನು ಮುಂಚಿತವಾಗಿ ನಿರ್ಬಂಧಿತ ಖಾತೆಯಲ್ಲಿ ಇಡಬೇಕು, 2022ರ ನವೆಂಬರಿನಿಂದ ಭಾರತೀಯರು ಎಪಿಎಸ್ ಎಂಬ ದಾಖಲೆ ಪರಿಶೀಲನೆಯ ಪ್ರಮಾಣಪತ್ರವನ್ನೂ ಪಡೆಯಬೇಕು. ಅಂಕಪಟ್ಟಿಯಲ್ಲಿ ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾದರೂ ಇಂಥಲ್ಲಿ ತಿಂಗಳುಗಟ್ಟಲೆ ಅಲೆದಾಟ. ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ತಂದೆಯ ಹೆಸರು ಒಂದೇ ರೀತಿ ಇದೆಯೇ ಎಂದು ಬಿ.ಎ. ಮೊದಲ ವರ್ಷದಲ್ಲೇ ನೋಡಿಕೊಳ್ಳುವುದು ಒಳ್ಳೆಯದು.

ಚೀವ್ನಿಂಗ್ ಅರ್ಜಿ ಸಾಮಾನ್ಯವಾಗಿ ಆಗಸ್ಟಿನಲ್ಲಿ ತೆರೆಯುತ್ತದೆ. ಎಂ.ಎ. ಮುಗಿಸಿ ಎರಡು ವರ್ಷ ದುಡಿದು ಅದಕ್ಕೆ ಅರ್ಜಿ ಹಾಕುವವಳು ಮುಂದಿನ ವರ್ಷದ ಸೆಪ್ಟೆಂಬರಿನ ಹೊತ್ತಿಗೆ ವಿಮಾನ ಹತ್ತಬಹುದು. ಅಂದರೆ ಈ ವರ್ಷ ಸಿರುಗುಪ್ಪದಲ್ಲಿ ಬಿ.ಎ.ಗೆ ಸೇರಿದ ಹುಡುಗಿಗೆ ಇನ್ನೂ ಎಂಟು ವರ್ಷ ಸಮಯವಿದೆ. ನಿಟ್ಟೂರಿನ ಶಾಸನದ ಬಗ್ಗೆ ಅವಳು ಬರೆಯುವ ಮೊದಲ ಲೇಖನಕ್ಕೆ ಬೇಕಾದದ್ದು ಒಂದು ಬಸ್ ಟಿಕೆಟ್.