ಥೇಮ್ಸ್ ದಂಡೆ ಜನರ ಪಾಲಾದ ಬಗೆ

ಲಂಡನ್ನಿನ ಎಂಬ್ಯಾಂಕ್‌ಮೆಂಟ್ ಸ್ಟೇಷನ್ನಿನ ಪಕ್ಕದ ತೋಟದಲ್ಲಿ ಮೂರು ಕಮಾನುಗಳ ಕಲ್ಲುಬಾಗಿಲೊಂದಿದೆ. ನೆತ್ತಿಯ ಮೇಲೆ ಸಿಂಹಗಳು, ನಡುವೆ ಬಕಿಂಗ್‌ಹ್ಯಾಮ್ ಡ್ಯೂಕನ ಮನೆತನದ ಲಾಂಛನ, ಬುಡದಲ್ಲಿ ಸವೆದ ಮೆಟ್ಟಿಲು. ಡ್ಯೂಕ್ ಮನೆಯಿಂದಿಳಿದು ನೇರ ದೋಣಿ ಹತ್ತಲೆಂದು 1626ರ ಸುಮಾರಿಗೆ ಕಟ್ಟಿದ ಯಾರ್ಕ್ ವಾಟರ್‌ಗೇಟ್ ಇದು. ಈಗ ಇಲ್ಲಿಂದ ನೀರಿಗೆ ಸುಮಾರು 150 ಗಜ ನಡೆಯಬೇಕು. ನಡುವೆ ಹುಲ್ಲುಹಾಸು, ಹೂವಿನ ಮಡಿ, ಬಸ್ಸು ಓಡುವ ರಸ್ತೆ.

‘ಹೊಳಿ ಎಲ್ಲಿ ಹೋತಲೇ? ಬಾಗಿಲಷ್ಟ ಉಳದೈತಲ್ಲ’ ಅಂದ ಗೆಳೆಯ. ಧಾರವಾಡದವನು. ಇಬ್ಬರೂ ಇಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ಬ್ಲ್ಯಾಕ್‌ಫ್ರೈಯರ್ಸ್ ಸೇತುವೆಯಿಂದ ವಾಕ್ಸ್‌ಹಾಲ್‌ವರೆಗೆ ಹೊಳೆಗುಂಟ ನಡೆಯುತ್ತಿದ್ದೆವು. ಅವನು ಊರಿಗೆ ಮರಳಿ ಬಹಳ ವರ್ಷಗಳಾದ ಮೇಲೆ ಮತ್ತೆ ಬಂದಾಗ ಮೊದಲು ಕೇಳಿದ್ದೇ ಈ ಹಾದಿಯನ್ನು.

ಹೊಳೆಯನ್ನು ಅಷ್ಟು ದೂರ ತಳ್ಳಿದ್ದು ದುರ್ನಾತ. ಮನೆಮನೆಗೂ ಫ್ಲಶ್ ಕಕ್ಕಸು ಬಂದಂತೆ ಗುಂಡಿಯಲ್ಲಿ ಉಳಿಯುತ್ತಿದ್ದ ಹೊಲಸೆಲ್ಲ ಥೇಮ್ಸ್‌ಗೆ ಹರಿಯತೊಡಗಿತು. ಸಮುದ್ರದ ಉಬ್ಬರ ಊರೊಳಗೂ ನುಗ್ಗುವ ಹೊಳೆಯಿದು. ಇಳಿತದಲ್ಲಿ ಹೋದ ಹೊಲಸು ಉಬ್ಬರದಲ್ಲಿ ವಾಪಸು ಬರುತ್ತಿತ್ತು. 1858ರ ಬೇಸಿಗೆಯಲ್ಲಿ ಪಾರ್ಲಿಮೆಂಟಿನ ಪರದೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ತೂಗುಹಾಕಿದರೂ ಸದಸ್ಯರಿಗೆ ಕೂರಲಾಗಲಿಲ್ಲ. ಕಾಲರಾಕ್ಕೆ ಸಾವಿರಾರು ಬಡವರು ಸತ್ತಾಗ ತೆವಳುತ್ತಿದ್ದ ಒಳಚರಂಡಿ ಕೆಲಸ, ನಾತ ಸದಸ್ಯರ ಮೂಗಿಗೇ ಬಡಿದಾಗ 18 ದಿನಗಳಲ್ಲಿ ಕಾನೂನಾಯಿತು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಜೆಟ್ ಊರಿನಡಿ 82 ಮೈಲಿ ದೊಡ್ಡ ಒಳಚರಂಡಿ ಹಾಸಿದ. ಅದರ ಒಂದು ಭಾಗವನ್ನು ಹೊಳೆಯ ಕೆಸರಿನಲ್ಲೇ ಇಟ್ಟು, ಮುಂದೆ ಗ್ರಾನೈಟಿನ ಒಡ್ಡು ಕಟ್ಟಿದ. ಪಕ್ಕದಲ್ಲಿ ರೈಲಿನ ಸುರಂಗ, ಮೇಲೆ ರಸ್ತೆ. ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಹೀಗೆ 37 ಎಕರೆ ಹೊಸ ನೆಲ ಹುಟ್ಟಿಸಿತು. ಒಡ್ಡಿನಿಂದ ಬಗ್ಗಿ ನೋಡಿದರೆ ಸಾಲಾಗಿ ಕಂಚಿನ ಸಿಂಹಮುಖಗಳು ಕಾಣುತ್ತವೆ, ಬಾಯಲ್ಲಿ ದೋಣಿ ಕಟ್ಟುವ ಬಳೆ ಕಚ್ಚಿಕೊಂಡು. ಪಾಚಿ ಹಿಡಿದ ಆ ಬಾಯಿಗೆ ನೀರು ಮುಟ್ಟಿದರೆ ಊರು ಮುಳುಗಿತೆಂದೇ ಲೆಕ್ಕ ಎನ್ನುತ್ತಾರೆ ಇಲ್ಲಿನವರು.

ನೆಲವೇನೋ ಹುಟ್ಟಿತು. ಅದು ಯಾರದು? ನನಗೆ ಈ ಹಾದಿ ಇಷ್ಟೊಂದು ಪ್ರಿಯವಾಗಲು ಆ ಜಗಳವೇ ಕಾರಣ.

ಮೊದಲು ತಕರಾರೆತ್ತಿದವನು ಬಕ್ಲೂ ಡ್ಯೂಕ್. ವೈಟ್‌ಹಾಲ್ ಬಳಿ ಅವನ ಮನೆಯ ಹಿತ್ತಲು ಹೊಳೆಗಿಳಿಯುತ್ತಿತ್ತು. ಹಿತ್ತಲ ಮುಂದೆ ಸಾರ್ವಜನಿಕ ರಸ್ತೆ ಬಂದರೆ ತಮ್ಮ ಏಕಾಂತ ಹೋಗುತ್ತದೆಂದು 1862ರಲ್ಲಿ ಅವನೂ ನೆರೆಯವರೂ ಪಟ್ಟು ಹಿಡಿದರು. ಪತ್ರಿಕೆಗಳು ಝಾಡಿಸಿದವು. ರಸ್ತೆ ವೆಸ್ಟ್‌ಮಿನ್‌ಸ್ಟರ್ ಸೇತುವೆಯವರೆಗೂ ಹೋಯಿತು.

ಎರಡನೆಯ ಜಗಳ ಇನ್ನೂ ದೊಡ್ಡದು. ಹೊಳೆಯ ಕೆಸರು ರಾಜಸತ್ತೆಯ ಆಸ್ತಿ, ಆದ್ದರಿಂದ ಅದರ ಮೇಲೆದ್ದ ನೆಲದಲ್ಲಿ ಕಟ್ಟಡ ಕಟ್ಟಿದರೆ ಬಾಡಿಗೆ ಖಜಾನೆಗೆ ಬರುತ್ತದೆ ಎಂಬುದು ಪ್ರಧಾನಿ ಗ್ಲ್ಯಾಡ್‌ಸ್ಟನ್ ಸರ್ಕಾರದ ಲೆಕ್ಕಾಚಾರ. ಎದುರು ನಿಂತವನು ವೆಸ್ಟ್‌ಮಿನ್‌ಸ್ಟರಿನ ಸದಸ್ಯ ಡಬ್ಲ್ಯು.ಎಚ್. ಸ್ಮಿತ್. ರೈಲು ನಿಲ್ದಾಣಗಳಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದ ಮನೆತನದವನು. ಒಡ್ಡಿಗೆ ದುಡ್ಡು ಬಂದದ್ದು ಲಂಡನ್ನಿಗರು ಒಲೆಗೆ ತಂದ ಕಲ್ಲಿದ್ದಲಿನ ಸುಂಕದಿಂದ; ದುಡ್ಡು ಕೊಟ್ಟವರಿಗೆ ತೋಟ ಬೇಕು ಎಂಬುದು ಅವನ ವಾದ. 1870ರ ಜುಲೈನಲ್ಲಿ, ಒಡ್ಡಿನ ಉದ್ಘಾಟನೆಗೆ ಕೆಲವೇ ದಿನಗಳಿರುವಾಗ, ಕಾಮನ್ಸ್ ಸಭೆ ಸ್ಮಿತ್‌ನ ಗೊತ್ತುವಳಿಯನ್ನು ಒಪ್ಪಿತು. ಸರ್ಕಾರ ಸೋತಿತು. 1875ರಲ್ಲಿ ಅಲ್ಲಿ ವೈಟ್‌ಹಾಲ್ ಗಾರ್ಡನ್ಸ್ ಎದ್ದಿತು. ಅಲ್ಲಿನ ಪ್ರತಿಮೆಗಳಲ್ಲಿ, ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದಾಗ ಗವರ್ನರ್ ಆಗಿದ್ದ ಬಾರ್ಟಲ್ ಫ್ರಿಯರ್ ಕೂಡ ಇದ್ದಾನೆ. ಗೆಳೆಯ ಅವನ ಮುಂದೆ ನಿಲ್ಲದೆ ನಡೆದ. ನೆರಳಿನ ಬೆಂಚುಗಳಲ್ಲಿ ಕಚೇರಿಯವರು ಬುತ್ತಿ ಬಿಚ್ಚಿ ಕೂತಿದ್ದರು. ಸ್ಮಿತ್ ಗೆಲ್ಲದಿದ್ದರೆ ಅವರೆಲ್ಲ ಎಲ್ಲಿ ಕೂರುತ್ತಿದ್ದರೋ.

ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ತಿರುಗಿದರೆ ಸೇಂಟ್ ಥಾಮಸ್ ಆಸ್ಪತ್ರೆ. ಅದೂ ಹೊಳೆಯಿಂದ ಗಳಿಸಿದ ನೆಲದ ಮೇಲೆಯೇ ನಿಂತಿದೆ. ಅದರ ಗೋಡೆಗುಂಟ ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ ಬರೆದ ಎರಡು ಲಕ್ಷಕ್ಕೂ ಹೆಚ್ಚು ಕೆಂಪು ಹೃದಯಗಳು. ನಾವು ಹಿಂದೆ ನಡೆಯುತ್ತಿದ್ದಾಗ ಇದು ಬರಿಯ ಗೋಡೆ. ಗೆಳೆಯ ಕೋವಿಡ್ ಕಾಲದಲ್ಲಿ ಅಣ್ಣನನ್ನು ಕಳೆದುಕೊಂಡವನು. ಒಂದೊಂದೇ ಹೆಸರು ಓದುತ್ತ ಹೋದ. ನಾನು ಮಾತಾಡಿಸಲಿಲ್ಲ.

ಅದೇ ದಂಡೆಯಲ್ಲಿ ಲ್ಯಾಂಬೆತ್ ಸೇತುವೆಯನ್ನು ಹಾದು ಹೋದ ಮೇಲೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪುತ್ಥಳಿ ಇದೆ. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲರ ಓಡಾಟದಿಂದ ಬಂದದ್ದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣಗೊಳಿಸಿದರು. 1860ರ ದಶಕದಲ್ಲಿ ಒಡ್ಡು ಏಳುವವರೆಗೆ ಈ ದಂಡೆಯಲ್ಲಿ ದೋಣಿ ಕಟ್ಟುವವರು, ಕುಂಬಾರಿಕೆಯವರು ಇದ್ದರು. ಉಬ್ಬರ ಬಂದರೆ ನೀರು ನುಗ್ಗುತ್ತಿದ್ದುದು ಅವರ ಗಲ್ಲಿಗಳಿಗೇ. ಒಡ್ಡು ನೀರನ್ನು ತಡೆಯಿತು, ಜೊತೆಗೆ ದೋಣಿಯಂಗಳಗಳನ್ನೂ ಎತ್ತಂಗಡಿ ಮಾಡಿತು. ಆ ಕಸುಬು ಈಗ ಇಲ್ಲಿಲ್ಲ. ಬ್ಯಾಜಲ್‌ಜೆಟ್‌ನನ್ನು ಎಷ್ಟು ಮೆಚ್ಚಿದರೂ ನನಗೆ ಆ ಕೊರಗು ಹೋಗದು. ಕಾಯಕ ಸಾರಿದ ಬಸವಣ್ಣನವರು ಇರುವುದು ಅಂಥ ಕಾಯಕದವರ ದಂಡೆಯಲ್ಲಿ. ಗೆಳೆಯ ಶೂ ಬಿಚ್ಚಿ ಕೈಮುಗಿದ.

ಅಲ್ಲಿಂದ ಮುಂದೆ ಹೊಳೆ ಬಿಡದೆ ನಡೆಯೋಣವೆಂದು ವಾಕ್ಸ್‌ಹಾಲನ್ನೂ ದಾಟಿ ಹೋದೆವು. ಹೊಸ ಅಪಾರ್ಟ್‌ಮೆಂಟಿನ ಕಬ್ಬಿಣದ ಗೇಟು ಅಡ್ಡ ಬಂತು. ಕಾವಲಿನವನು ಮರ್ಯಾದೆಯಿಂದಲೇ ಹೇಳಿದ: ನಿವಾಸಿಗಳಿಗೆ ಮಾತ್ರ, ರಸ್ತೆ ಕಡೆಯಿಂದ ಬಳಸಿ ಹೋಗಿ. ‘ಡ್ಯೂಕ್ ಸೋತಾನ ಅಂದಿದ್ಯಲ್ಲೋ’ ಅಂದ ಗೆಳೆಯ. ಲಾರಿಗಳ ಧೂಳು ಕುಡಿಯುತ್ತ ಬಳಸಿ ನಡೆದೆವು. ಆ ತುಂಡು ದಂಡೆಯ ಮೇಲೆ ಸಾರ್ವಜನಿಕರಿಗೆ ದಾರಿಯ ಹಕ್ಕು ಉಂಟೋ ಇಲ್ಲವೋ ತಿಳಿಸಿ ಎಂದು ಕೌನ್ಸಿಲ್‌ಗೆ ಇಬ್ಬರೂ ಸಹಿ ಹಾಕಿ ಕಾಗದ ಬರೆದಿದ್ದೇವೆ.