ಹಗ್ಗ ಒಣಗಿತು, ಪುಡಿ ಯಾಕೆ ಒಣಗಲಿಲ್ಲ?

ಪ್ರಶ್ನೆ: ಮಳೆಯಲ್ಲಿ ನೆನೆದ ತೆಂಗಿನ ನಾರಿನ ಹಗ್ಗ ಬೇಗ ಒಣಗುತ್ತದೆ. ನಾರಿನ ಪುಡಿಯ ಗುಡ್ಡೆ ವಾರಗಟ್ಟಲೆ ಹಸಿ. ಎರಡೂ ಒಂದೇ ಮಟ್ಟೆಯದಲ್ಲವೇ?
– ಓದುಗರೊಬ್ಬರು, ತುರುವೇಕೆರೆ

ಉತ್ತರ: ಮಟ್ಟೆ ಒಂದೇ, ಒಳಗಿನ ಕಟ್ಟಡ ಬೇರೆ. ನಾರಿನ ಕೋಶಗಳ ಗೋಡೆ ದಪ್ಪ, ಜೋಡಣೆ ಬಿಗಿ. ಹಗ್ಗ ಕುಡಿದ ನೀರಿನ ಬಹುಪಾಲು ಎಳೆಗಳ ನಡುವಿನ ಅಗಲ ಸಂದುಗಳಲ್ಲಿ ನಿಂತದ್ದು. ಸೋರಿ, ಗಾಳಿಗೆ ಆರಿಹೋಗುತ್ತದೆ.

ಪುಡಿ ಎಂದರೆ ನಾರುಗಳ ನಡುವೆ ತುಂಬಿದ್ದ ಮೆತ್ತನೆಯ ಭಾಗ. ತೆಳುಗೋಡೆಯ ಕೋಶಗಳು, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ರಂಧ್ರ ಕಿರಿದಾದಷ್ಟೂ ಗೋಡೆ ನೀರನ್ನು ಬಿಗಿಯಾಗಿ ಹಿಡಿಯುತ್ತದೆ, ಗುರುತ್ವಕ್ಕೂ ಬಿಟ್ಟುಕೊಡುವುದಿಲ್ಲ. ದೀಪದ ಬತ್ತಿಗೆ ಎಣ್ಣೆ ಏರುವುದೂ ಈ ಕೇಶಾಕರ್ಷಣೆಯಿಂದಲೇ. ಒಣ ಪುಡಿ ತನ್ನ ತೂಕದ ಐದಾರು ಪಟ್ಟು ನೀರನ್ನು ಸಲೀಸಾಗಿ ಹಿಡಿದಿಡಬಲ್ಲದು. ಲಿಗ್ನಿನ್ ಹೆಚ್ಚಿರುವುದರಿಂದ ಬೇಗ ಕೊಳೆಯುವುದೂ ಇಲ್ಲ.

ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿ ಸುಲಿಯುವ ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮಟ್ಟೆಗೇನು ಬರ? ಒಲೆಗೆ ಹಾಕುವ ಬದಲು ಮರದ ಸುತ್ತ ಗುಂಡಿ ತೆಗೆದು, ಒಳಮೈ ಮೇಲಾಗಿ ಹೂತರೆ ಬೇಸಿಗೆಗೆ ತೇವ ಉಳಿಯುತ್ತದೆ. ಕುಂಡಕ್ಕೆ ಮಾತ್ರ ಹೊಸ ಪುಡಿಯನ್ನು ತೊಳೆದೇ ಹಾಕಿ. ಉಪ್ಪು, ಟ್ಯಾನಿನ್‌ಗಳ ಕಂದು ನೀರು ಎಳೆ ಬೇರಿಗೆ ಒಗ್ಗದು.