ಮೊಣಕಾಲು ಹೊಸದು, ನೋವು ಮಾತ್ರ ಹಳೇದು!

ಯಾದಗಿರಿ: ಕಟ್ಟೆಗೆ ನಾಲ್ಕು ಮಂದಿ ಹಿರಿಯರು ಕೂತರೆ ಮೊಣಕಾಲು ನೋವಿನ ಮಾತು ಬರದೇ ಇರದು. ಈಗೀಗ ಆ ಮಾತಿಗೆ ಹೊಸದೊಂದು ರಾಗ ಸೇರಿದೆ: “ಆಪರೇಷನ್ ಆಗಿ ವರ್ಷ ಆಯ್ತ್ರೀ, ನೋವು ಹಂಗೇ ಅದ.” ಮನೆಯವರು “ಸುಮ್ನೆ ನಾಟಕ” ಅಂತಾರೆ, ಓಣಿಯವರು “ಡಾಕ್ಟರು ಕೆಡಿಸಿದ” ಅಂತಾರೆ. ಎರಡೂ ಅವಸರದ ತೀರ್ಪು.

ಪ್ರಧಾನಿ ವಾಜಪೇಯಿ ಅವರು 2000 ಮತ್ತು 2001ರಲ್ಲಿ ಮುಂಬೈಯಲ್ಲಿ ಎರಡೂ ಮೊಣಕಾಲು ಬದಲಿಸಿಕೊಂಡಾಗ ದೇಶವೇ ಬೆರಗಾಗಿ ನೋಡಿತ್ತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬೆಲೆಗೆ ಲಗಾಮು ಹಾಕಿತು. ಸರಾಸರಿ 1.58 ಲಕ್ಷ ರೂ. ಇದ್ದ ಸಾಮಾನ್ಯ ಕೀಲಿನ ದರ, ತೆರಿಗೆ ಬಿಟ್ಟು, 54,720 ರೂ.ಗೆ ಇಳಿಯಿತು. ಒಕ್ಕಲುತನದ ಮನೆಗೂ ಆಪರೇಷನ್ ಎಟುಕಿತು. ಬಹುತೇಕರಿಗೆ ಸುಖವೂ ಸಿಕ್ಕಿತು. ಆದರೆ ಎಲ್ಲರಿಗೂ ಅಲ್ಲ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಹಲವು ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ, ನೂರರಲ್ಲಿ ಸುಮಾರು 20 ಜನರಿಗೆ ನೋವು ಉಳಿದದ್ದು ಕಂಡುಬಂತು.

ಎಲುಬು ಕೊಯ್ದ ಗಾಯ ಅದು. ಕೆಲವು ತಿಂಗಳು ಊತ, ಬಿಸಿ ಇರುವುದು ಸಹಜ. ಮೂರು ತಿಂಗಳು ದಾಟಿದರೂ ತಗ್ಗದಿದ್ದರೆ, ಇಲ್ಲವೆ ತಗ್ಗಿದ್ದು ಮತ್ತೆ ಏರಿದರೆ, ಕಾರಣ ಹುಡುಕಲೇಬೇಕು.

ಮೊದಲ ಗುಮಾನಿ ಸೋಂಕಿನ ಮೇಲೆ. ರಾತ್ರಿ ಮಲಗಿದಾಗಲೂ ನೋವು, ಕೆಂಪು, ಜ್ವರ, ಗಾಯದಿಂದ ರಸಿಕೆ ಇದ್ದರೆ ಒಂದು ದಿನವೂ ತಡಮಾಡಬಾರದು. ಜ್ವರವಿಲ್ಲದೆ ಒಳಗೊಳಗೇ ಕೂತ ಸೋಂಕೂ ಉಂಟು. ಕೀಲು ಎಲುಬಿನಿಂದ ಸಡಿಲಾದರೆ ಹೆಜ್ಜೆ ಇಟ್ಟಾಗ ನೋವು. ಕೂರಿಸಿದ್ದು ತುಸು ಓರೆಯಾದರೆ, ಚಿಪ್ಪು ಜಾರಿದರೆ, ವ್ಯಾಯಾಮ ಬಿಟ್ಟು ಕಾಲು ಬಿಗಿದರೆ ಮೆಟ್ಟಿಲೇ ಶತ್ರು. ಕೊಯ್ದ ಕಡೆ ಸಣ್ಣ ನರಕ್ಕೆ ಪೆಟ್ಟಾದರೆ ಉರಿ, ಜುಮ್ಮು.

ಕೆಲವರಿಗೆ ನೋವಿನ ಮೂಲ ಮೊಣಕಾಲಲ್ಲೇ ಇಲ್ಲ! ಸೊಂಟದ ಕೀಲು, ಬೆನ್ನಿನ ನರದ ನೋವು ಮೊಣಕಾಲಿಗೆ ಇಳಿದು ಕಾಡುತ್ತದೆ. ನಮ್ಮ ಸೀಮೆಯಲ್ಲಿ ಇದು ತಮಾಷೆಯ ಮಾತಲ್ಲ. ಯಾದಗಿರಿ, ಶಹಾಪುರ, ಸುರಪುರ ತಾಲೂಕಿನ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿ.ಗ್ರಾಂ. ಮೀರಿದ ನೀರು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುವುದಷ್ಟೇ ಅಲ್ಲ. ಪ್ರಮಾಣ ಹೆಚ್ಚಿದ್ದರೆ ಬೆನ್ನು, ಕೀಲು ಬಿಗಿಯುತ್ತವೆ. ಅಂಥ ಮೈಯಲ್ಲಿ ಮೊಣಕಾಲೊಂದನ್ನೇ ಬದಲಿಸಿದರೆ ಉಳಿದ ನೋವು ಎಲ್ಲಿಗೆ ಹೋದೀತು? ಆಪರೇಷನ್‌ಗೆ ಮುಂಚೆಯೇ ಬೆನ್ನು, ಸೊಂಟ ತಪಾಸಣೆ ಮಾಡಿಸುವುದು ಲೇಸು.

ಇನ್ನೊಂದು ಸಂಗತಿ. ವರ್ಷಗಟ್ಟಲೆ ನೋವುಂಡ ನರಗಳು ಸಣ್ಣದಕ್ಕೂ ದೊಡ್ಡದಾಗಿ ಕೂಗುತ್ತವೆ. ನಿದ್ದೆಗೇಡು, ಚಿಂತೆ ಅದಕ್ಕೆ ತುಪ್ಪ ಸುರಿಯುತ್ತವೆ. ಅದು ನಾಟಕವಲ್ಲ, ಅದಕ್ಕೂ ಔಷಧಿ ಇದೆ. ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವ ಆಸೆಯನ್ನು ಮಾತ್ರ ಬಿಡಬೇಕು. ಸಾಮಾನ್ಯ ಕೃತಕ ಕೀಲು ಆ ಕೆಲಸಕ್ಕೆ ಮಾಡಿದ್ದಲ್ಲ. ಇದನ್ನು ಡಾಕ್ಟರು ಮೊದಲೇ ಬಿಡಿಸಿ ಹೇಳಬೇಕು.

ಎಲ್ಲಕ್ಕಿಂತ ಅಪಾಯ ಊರಿನ ಸೂಜಿ. ಬದಲಿಸಿದ ಕೀಲಿಗೆ ಸಿಕ್ಕವರಿಂದ ಇಂಜೆಕ್ಷನ್ ಹಾಕಿಸುವುದೆಂದರೆ ಸೋಂಕಿಗೆ ಬಾಗಿಲು ತೆರೆದಂತೆ. ಕೀಲಿನ ನೀರು ಪರೀಕ್ಷೆಗೆ ತೆಗೆಯುವ ಮೊದಲೇ ಆ್ಯಂಟಿಬಯಾಟಿಕ್ ಗುಳಿಗೆ ನುಂಗಿದರೆ ರೋಗಾಣು ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು. ರಕ್ತ ಪರೀಕ್ಷೆ, ಎಕ್ಸ್‌ರೇ, ಬೇಕಾದರೆ ಕೀಲಿನ ನೀರಿನ ಪರೀಕ್ಷೆ, ಇದೇ ಸರಿಯಾದ ದಾರಿ. ಕಾರಣ ಗೊತ್ತಾಗದೆ ಎರಡನೇ ಆಪರೇಷನ್‌ಗೆ ಒಪ್ಪಬೇಡಿ.

ದೊಡ್ಡ ಊರಲ್ಲಿ ಆಪರೇಷನ್ ಮಾಡಿಸಿಕೊಂಡ ಕೂಲಿಕಾರ ಮುದುಕಿ ಪ್ರತಿ ನೋವಿಗೂ ಬಸ್ಸು ಹತ್ತಿ ಅಲ್ಲಿಗೆ ಹೋದಾಳೆಯೇ? ಯಾದಗಿರಿಗೆ ಈಗ ವೈದ್ಯಕೀಯ ಕಾಲೇಜೂ ಬಂದಿದೆ. ಶಹಾಪುರ, ಸುರಪುರದ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಇಂಥವರಿಗೆಂದೇ ಎಲುಬಿನ ಡಾಕ್ಟರು, ಫಿಸಿಯೋಥೆರಪಿ ಗೊತ್ತುಪಡಿಸಲಿ. ಕೀಲು ಹಾಕಿಸಲು ಯೋಜನೆ ಮಾಡಿದ ಸರ್ಕಾರ, ಹಾಕಿಸಿಕೊಂಡವರು ನಡೆಯುತ್ತಿದ್ದಾರೋ ಇಲ್ಲವೋ ಎಂಬುದನ್ನೂ ತಿರುಗಿ ನೋಡಬೇಕಲ್ಲವೇ?